ಕರುಳಿನ ಪಾಲು

ನಮ್ಮಕ್ಕನ ಪ್ರಕಾರ ಬಸುರಿಗೆ ಹೊಟ್ಟೆ ತುಂಬ ಹಾಕುವುದೆಂದರೆ ಹೆರಿಗೆಯ ದಿನ ಅವಳ ಮೇಲೆ ಹಗೆ ತೀರಿಸಿಕೊಂಡ ಹಾಗೆ. ಮಗು ಒಳಗೇ ದಪ್ಪಗಾದರೆ ಹೊರಗೆ ಬರುವಾಗ ತಾಯಿಯ ಜೀವ ತೆಗೆಯುತ್ತದೆ. ಆದ್ದರಿಂದ ಏಳನೇ ತಿಂಗಳು ಬಂತೆಂದರೆ ಅರ್ಧ ಮುದ್ದೆ, ತಿಳಿಸಾರು, ಕೆಲಸ ಮಾತ್ರ ಪೂರ್ತಿ. ಹುಟ್ಟಿದ ಮೇಲೆ ಎಷ್ಟು ಬೇಕಾದರೂ ಬೆಳೆಯಲಿ, ಹೊರಗೆ ಜಾಗಕ್ಕೇನು ಬರವೇ?

ಅಕ್ಕ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಗೇ ಬಂದಳು. ಅಜ್ಜಂಪುರದಿಂದ ಅಂತರಘಟ್ಟೆ ಕಡೆ ಹೋಗುವ ರಸ್ತೆಯ ಮಗ್ಗುಲಲ್ಲಿ ನಮ್ಮೂರು. ಆಸ್ಪತ್ರೆಗೆ ಹೋಗುವ ಅಭ್ಯಾಸ ಬರುವುದಕ್ಕೆ ಮುಂಚೆ ಊರಿನ ಮುಕ್ಕಾಲು ಪಾಲು ಜನ ಅವಳ ಕೈಯಲ್ಲೇ ಹುಟ್ಟಿದರು. ಈಗ ಪಂಚಾಯ್ತಿ ಮೆಂಬರಾಗಿ ಮೈಕು ಹಿಡಿದು ಮಾತಾಡುವವರನ್ನೂ ಅವಳು ಒಂದು ಕಾಲದಲ್ಲಿ ಕಾಲು ಹಿಡಿದು ತಲೆಕೆಳಗು ಮಾಡಿ ಬೆನ್ನಿಗೆ ತಟ್ಟಿದ್ದಾಳೆ. ಅಂಥವಳಿಗೆ ಎದುರಾಡುವುದು ಹೇಗೆ? ನಾನು ಓದಿದ್ದು ನಾಲ್ಕನೇ ಕ್ಲಾಸು. ಅವಳು ಅಷ್ಟೂ ಓದಿಲ್ಲ. ಹಾಗಾಗಿ ಅನುಮಾನ ಅನ್ನುವುದು ಅವಳ ಹತ್ತಿರ ಸುಳಿದಿಲ್ಲ.

ಮೊದಲು ಹಂದಿಯ ವಿಷಯ ಹೇಳಬೇಕು. ನನಗೆ ಕುರಿಯ ಹಿಂದೆ ಓಡಲು ಮೊಣಕಾಲು ಒಪ್ಪದೆ ಹೋದಾಗ ಪಶು ಆಸ್ಪತ್ರೆಯ ಡಾಕ್ಟರಮ್ಮ ಸೀಮೆ ಹಂದಿ ಸಾಕಿ ಎಂದರು. "ಅದು ಕೂತಲ್ಲೇ ಇರುತ್ತೆ ಯಜಮಾನ್ರೇ, ನೀವೂ ಕೂತಿರಬಹುದು" ಎಂದರು. ಈ ಒಂದೇ ಕಾರಣಕ್ಕೆ ಒಪ್ಪಿದೆ. ತೆಂಗಿನ ಮರಗಳ ಪಕ್ಕದಲ್ಲಿ ಶೀಟು ಹೊದಿಸಿದ ಶೆಡ್ಡು ಎದ್ದಿತು. ಊರಿನವರು ಸ್ವಲ್ಪ ದಿನ ಮೂಗು ಮುಚ್ಚಿಕೊಂಡು ಮಾತಾಡಿಸಿದರು. ಆಮೇಲೆ ಮೂಗು ಬಿಟ್ಟು ಮಾತಾಡಿಸಿದರು. ಅಕ್ಕ ಮಾತ್ರ ಶೆಡ್ಡಿನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಅಲ್ಲಿಂದ ಬಂದರೆ ಬಚ್ಚಲ ಮನೆಯ ಬಾಗಿಲಲ್ಲೇ ತಡೆದು ಎರಡು ಚೊಂಬು ನೀರು ಸುರಿಯುತ್ತಿದ್ದಳು. ಸೋಪು ಕೊಡುತ್ತಿರಲಿಲ್ಲ, ಸೋಪು ದಂಡ ಎನ್ನುತ್ತಿದ್ದಳು.

ಇನ್ನು ಮಗಳ ವಿಷಯ. ನಮಗೆ ಒಬ್ಬಳೇ ಮಗಳು. ಕಡೂರಿಗೆ ಕೊಟ್ಟಿದ್ದೇವೆ. ಅಳಿಯ ಕೊಬ್ಬರಿ ಮಂಡಿಯಲ್ಲಿ ತೂಕ ಹಾಕುವ ಕೆಲಸ ಮಾಡುತ್ತಾನೆ. ಮದುವೆಯಾಗಿ ಬಹಳ ವರ್ಷ ಮಕ್ಕಳಾಗಲಿಲ್ಲ. ಕೇಳುವವರು ಕೇಳಿ ಕೇಳಿ ಸುಸ್ತಾಗಿ ಕೇಳುವುದನ್ನೇ ಬಿಟ್ಟಿದ್ದರು. ಹೀಗಿರುವಾಗ ಒಂದು ಮಧ್ಯಾಹ್ನ ನಾನು ಅಜ್ಜಂಪುರದ ಬಸ್ ಸ್ಟ್ಯಾಂಡಿನಲ್ಲಿ ತೌಡಿನ ಮೂಟೆಯ ಮೇಲೆ ಕೂತಿದ್ದಾಗ ಫೋನು ಬಂತು.

"ಅಪ್ಪಾ, ಮೂರು ತಿಂಗ್ಳಂತೆ."

"ಏನು ಮೂರು ತಿಂಗ್ಳು?"

"ಅಪ್ಪಾ!"

ಆಮೇಲೆ ಅರ್ಥವಾಯಿತು. ನಾನು ಕೂಗಾಡಲಿಲ್ಲ. ಫೋನನ್ನು ಜೇಬಿಗೆ ಹಾಕಿದೆ. ಪಕ್ಕದಲ್ಲಿ ಕೂತಿದ್ದವರಿಗೆ ಹೇಳಿದೆ. ಟೀ ಅಂಗಡಿಯವನಿಗೆ ಹೇಳಿದೆ. ಬಸ್ಸು ಬಂತು, ಕಂಡಕ್ಟರನಿಗೆ ಹೇಳಿದೆ. ಅವನು "ಟಿಕೆಟ್ ಎಲ್ಲಿಗೆ?" ಎಂದ. ಅದನ್ನೂ ಹೇಳಿದೆ. ಊರಿನ ಸ್ಟಾಪಿನಲ್ಲಿ ಇಳಿದು ಮನೆಗೆ ಹೋಗುವ ಬದಲು ಶೆಡ್ಡಿಗೆ ಹೋಗಿ ಹಂದಿಗಳಿಗೂ ಹೇಳಿದೆ. ಮನೆಗೆ ಬಂದಾಗ ಹೆಂಡತಿ, "ನಂಗೆ ಬೆಳಿಗ್ಗೇನೇ ಗೊತ್ತು, ನಿಮ್ಗೆ ಹೇಳಿದ್ರೆ ಊರಿಗೆಲ್ಲ ಡಂಗೂರ ಹೊಡಿಸ್ತೀರಿ ಅಂತ ಸುಮ್ನಿದ್ದೆ" ಎಂದಳು. ಮೂರು ಗಂಟೆ ತಡ ಮಾಡಿದ್ದಾಳೆ ಎಂದು ಅವಳ ಮೇಲೆ ಇವತ್ತಿಗೂ ಸ್ವಲ್ಪ ಸಿಟ್ಟಿದೆ.

ಆ ಹೊತ್ತಿಗೇ ಒಂದು ಹಂದಿ ಗಬ್ಬವಾಯಿತು. ಗಬ್ಬ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅಕ್ಕ ಮೊದಲ ಸಲ ಶೆಡ್ಡಿನ ಬಾಗಿಲಲ್ಲಿ ಕಾಣಿಸಿಕೊಂಡಳು. ಸೆರಗು ಮೂಗಿನ ಮೇಲಿತ್ತು, ಕಣ್ಣು ಮಾತ್ರ ಹಂದಿಯ ಹೊಟ್ಟೆಯ ಮೇಲೆ. ಬಸಿರು ಎಂದರೆ ಅವಳ ಇಲಾಖೆ, ಯಾರ ಬಸಿರಾದರೂ ಸರಿ. ಹಂದಿ ಗಬ್ಬ ಹೊರುವುದು ಮೂರು ಮುಕ್ಕಾಲು ತಿಂಗಳು ಎಂದು ನಾನು ಹೇಳಿದಾಗ, "ಅಷ್ಟೇನಾ? ಬುದ್ಧಿವಂತ ಪ್ರಾಣಿ" ಎಂದಳು. ಆಮೇಲಿಂದ ಮೂಗು ಮುಚ್ಚಲಿಲ್ಲ.

ಮಗಳು ಏಳನೇ ತಿಂಗಳಿಗೆ ತವರಿಗೆ ಬಂದಳು. ಅದೇ ಹೊತ್ತಿಗೆ ಹಂದಿಗೂ ಕೊನೆಯ ತಿಂಗಳು. ಅಕ್ಕ ಎರಡೂ ಕಡೆ ಒಂದೇ ದಿನ ಕಾನೂನು ಜಾರಿ ಮಾಡಿದಳು. ಮನೆಯಲ್ಲಿ ತಟ್ಟೆ ಅವಳ ಕೈಗೆ ಹೋಯಿತು, ಶೆಡ್ಡಿನಲ್ಲಿ ಬಕೆಟ್ಟು. ತೌಡು, ಜೋಳದ ನುಚ್ಚು, ಹಿಂಡಿ ಸೇರಿಸಿ ಡಾಕ್ಟರಮ್ಮ ಹೇಳಿದ ಅಳತೆಗೆ ನಾನು ಕಲಸಿಟ್ಟರೆ ಅಕ್ಕ ಅರ್ಧ ತೆಗೆದು ಪಕ್ಕದ ಅಂಕಣದ ಹಂದಿಗಳಿಗೆ ಸುರಿದು, ಉಳಿದದ್ದಕ್ಕೆ ಕಲಗಚ್ಚಿನ ನೀರು ಬೆರೆಸಿ ಗಬ್ಬದ ಹಂದಿಗೆ ಇಡುತ್ತಿದ್ದಳು.

ಮಗಳು ಎದುರು ಹೇಳಲಿಲ್ಲ. ಅಷ್ಟು ವರ್ಷ ಕಾದು ಆದ ಬಸಿರು. ಯಾರು ಏನು ಹೇಳಿದರೂ ಮಾಡುವ ಹಾಗಿದ್ದಳು. "ಅತ್ತೆ ಕೈಯಲ್ಲಿ ಎಷ್ಟೊಂದು ಹೆರಿಗೆ ಆಗಿದಾವೆ, ಅವ್ರು ಹೇಳ್ದಂಗೆ ಇರ್ತೀನಿ. ಏನೂ ಹೆಚ್ಚುಕಮ್ಮಿ ಆಗ್ಬಾರ್ದು ಅಷ್ಟೆ" ಎಂದಳು. ಹೇಳುವಾಗ ಅವಳ ಕಣ್ಣು ಅನ್ನದ ಪಾತ್ರೆಯ ಮೇಲಿತ್ತು.

ತರೀಕೆರೆಯ ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಮಾಡಿದವರು ಮಗು ಸ್ವಲ್ಪ ಸಣ್ಣಗಿದೆ, ತಾಯಿಗೆ ಚೆನ್ನಾಗಿ ತಿನ್ನಿಸಿ, ಮಾತ್ರೆ ತಪ್ಪಿಸಬೇಡಿ ಎಂದು ಹೇಳಿ ಕಳಿಸಿದರು. ನನ್ನ ಹೆಂಡತಿ ಬಸ್ಸಿಳಿದವಳೇ ಅಕ್ಕನಿಗೆ ಹೇಳಿದಳು.

"ಅತ್ತಿಗೆ, ಮಗು ಸಣ್ಣಗೈತಂತೆ."

"ಸದ್ಯ" ಎಂದಳು ಅಕ್ಕ. "ಸಲೀಸಾಗಿ ಬತ್ತದೆ."

ಹೆಂಡತಿ ಕದ್ದು ತಿನ್ನಿಸಲು ಶುರು ಮಾಡಿದಳು. ಬಟ್ಟೆಯ ಬಕೆಟ್ಟಿನಲ್ಲಿ ಸೀರೆಯ ಕೆಳಗೆ ಕೊಬ್ಬರಿ ಬೆಲ್ಲ ಇಟ್ಟುಕೊಂಡು, ಮಗಳನ್ನು ಒಗೆಯುವ ಕಲ್ಲಿನ ಹತ್ತಿರ ಕರೆಯುತ್ತಿದ್ದಳು. ಅಕ್ಕ ಒಂದು ದಿನ ಬಕೆಟ್ಟಿಗೆ ಕೈ ಹಾಕಿದಳು.

"ಬಟ್ಟೆ ಒಗೆಯಾಕೆ ಬೆಲ್ಲ ಯಾಕೇ?"

"ಮರ್ತು ಬಂದ್ಬಿಟ್ಟಿದೆ ಅತ್ತಿಗೆ."

"ಬೆಲ್ಲ ಮರ್ತು ಬಂತು, ಕೊಬ್ಬರಿ ಅದುನ್ನ ಹುಡುಕ್ಕೊಂಡು ಬಂತಾ?"

ಅಲ್ಲಿಗೆ ಆ ದಾರಿ ಮುಚ್ಚಿತು.

ನನಗೆ ಒಳಗೊಳಗೇ ಸಂಕಟ. ಮೊಮ್ಮಗು ಇನ್ನೂ ಹುಟ್ಟಿರಲಿಲ್ಲ, ಅಷ್ಟರಲ್ಲೇ ನಮ್ಮ ಮನೆಯಲ್ಲಿ ಉಪವಾಸ ಬಿದ್ದಿತ್ತು. ಆದರೆ ಗಂಡಸರು ಬಸುರಿಯ ತಟ್ಟೆಯ ಬಗ್ಗೆ ಬಾಯಿ ಹಾಕುವ ಪದ್ಧತಿ ನಮ್ಮಲ್ಲಿಲ್ಲ. ಹಂದಿಯ ಬಗ್ಗೆ ಮಾತಾಡಬಹುದು. ಆದ್ದರಿಂದ ನಾನು ಹೇಳಬೇಕಾದದ್ದನ್ನೆಲ್ಲ ಹಂದಿಯ ಬಗ್ಗೆ ಹೇಳಿದೆ.

"ಅಕ್ಕಾ, ಹಂದಿ ಸೊರಗ್ತಾ ಐತೆ."

"ಸೊರಗ್ಲಿ."

"ಹೊಟ್ಟೇಲಿರೋವು ಹಸ್ಕೊಂಡಿರಲ್ವಾ?"

"ಹೊಟ್ಟೆ ಒಳಗೆ ಕೂತಿರೋವುಕ್ಕೆ ಹಸಿವು ಹೆಂಗೋ ಗೊತ್ತಾಯ್ತದೆ? ನೀನು ನಮ್ಮವ್ವನ ಹೊಟ್ಟೇಲಿದ್ದಾಗ ನಿಂಗೆ ಗೊತ್ತಾಗಿತ್ತಾ?"

ನೆನಪಿಲ್ಲ ಎಂದೆ. "ಮತ್ತೆ?" ಎಂದು ಬಕೆಟ್ಟು ಎತ್ತಿಕೊಂಡು ಹೋದಳು.

ಹಂದಿ ಒಂದು ಮಧ್ಯಾಹ್ನ ಮರಿ ಹಾಕಿತು. ಅಕ್ಕ ಗೋಣಿಚೀಲ ಹಾಸಿಕೊಂಡು ಪಕ್ಕದಲ್ಲೇ ಕೂತಿದ್ದಳು. ಸಲೀಸಾಗಿಯೇ ಆಯಿತು, ಅದನ್ನು ಇಲ್ಲ ಎನ್ನುವ ಹಾಗಿಲ್ಲ. ಒಂದರ ಹಿಂದೆ ಒಂದು ಜಾರಿ ಬಂದವು. ಅಕ್ಕ ಪ್ರತಿ ಮರಿಗೂ ನನ್ನ ಮುಖ ನೋಡಿ, "ನೋಡ್ದಾ?" ಎಂದಳು. ಹನ್ನೊಂದು ಸಲ ನೋಡಿದೆ.

ಆದರೆ ಮರಿಗಳು ಮರಿಗಳ ಹಾಗಿರಲಿಲ್ಲ. ನಾಲ್ಕೈದು ಪರವಾಗಿಲ್ಲ. ಉಳಿದವು ಅಂಗೈಯಲ್ಲಿ ಮಲಗಿಸುವಷ್ಟು. ಮೈ ಸಣ್ಣದು, ತಲೆ ಮಾತ್ರ ದೊಡ್ಡದು. ಹಣೆ ಮುಂದಕ್ಕೆ ಉಬ್ಬಿ, ಕಣ್ಣು ಹೊರಗೆ ಬಂದು, ಏನೋ ಯೋಚನೆ ಮಾಡುತ್ತಿರುವ ಹಾಗೆ ಕಾಣುತ್ತಿದ್ದವು. ದಪ್ಪ ಮರಿಗಳು ಮುಂದಿನ ಮೊಲೆ ಹಿಡಿದುಕೊಂಡವು. ಸಣ್ಣವು ಹಿಂದೆ ಹಿಂದೆ ಸರಿದು, ಹಾಲು ಕಡಿಮೆ ಬರುವ ತೊಟ್ಟಿಗೆ ಬಾಯಿಟ್ಟು ಅಲ್ಲೇ ನಿದ್ದೆ ಹೋದವು. ನಾನು ಎತ್ತಿ ಎತ್ತಿ ಮುಂದಕ್ಕೆ ಬಿಟ್ಟೆ. ಎತ್ತಿದ ಕೈ ತೆಗೆದ ಕೂಡಲೇ ದಪ್ಪವು ತಳ್ಳಿದವು.

ಎರಡನೇ ದಿನಕ್ಕೆ ಸಣ್ಣವಕ್ಕೆಲ್ಲ ಭೇದಿ ಹತ್ತಿತು. ಕುಡಿದದ್ದು ಕುಡಿದ ಹಾಗೇ ನೀರಾಗಿ ಹೋಗುತ್ತಿತ್ತು. ಬಾಲದ ಬುಡ ಸದಾ ಒದ್ದೆ. ಡಾಕ್ಟರಮ್ಮನಿಗೆ ಫೋನು ಮಾಡಿದರೆ ತರೀಕೆರೆ ಕಡೆ ಯಾವುದೋ ಹಳ್ಳಿಯಲ್ಲಿ ದನಗಳಿಗೆ ಸೂಜಿ ಹಾಕುತ್ತಿದ್ದರು. ಬೆಚ್ಚಗಿಡಿ, ಬಲ್ಬು ಹಾಕಿ, ಉಪ್ಪು ಸಕ್ಕರೆ ನೀರು ಕುಡಿಸುತ್ತಿರಿ, ಬೆಳಿಗ್ಗೆ ಬರುತ್ತೇನೆ ಎಂದರು.

ಮಕ್ಕಳ ಭೇದಿ ಕೂಡ ಅಕ್ಕನ ಇಲಾಖೆಯೇ. ಮನೆಗೆ ಹೋಗಿ ತೇಯುವ ಕಲ್ಲು ತಂದಳು. ಬಜೆ, ಜಾಯಿಕಾಯಿ, ಮಾಚಿಕಾಯಿ ತಂದಳು. ಊರಿನ ಕೂಸುಗಳಿಗೆಲ್ಲ ತೇದು ನೆಕ್ಕಿಸಿದ ಕಲ್ಲದು. ಒಂದೊಂದನ್ನೂ ಇಷ್ಟಿಷ್ಟು ಸುತ್ತು ತೇದು, ಮರಿಯನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು, ಕಿರುಬೆರಳಿನಿಂದ ಬಾಯಿಗೆ ಸವರಿದಳು. ಸವರುವಾಗ "ಹೂಂ, ನುಂಗು ಕಂದಾ, ನುಂಗು" ಎಂದಳು. ಶೆಡ್ಡಿನ ಕಡೆ ತಿರುಗಿಯೂ ನೋಡದಿದ್ದವಳು ಇವಳೇ ಏನು ಎಂದು ನಾನು ನೋಡುತ್ತ ನಿಂತೆ.

"ಏನ್ ನೋಡ್ತೀಯ? ಇನ್ನೊಂದು ಕೊಡು" ಎಂದಳು.

ಕೊಟ್ಟೆ. ಕಂದಮ್ಮಗಳು ನುಂಗಿದವು. ಭೇದಿ ನಿಲ್ಲಲಿಲ್ಲ.

ಬೆಳಿಗ್ಗೆ ನೋಡಿದರೆ ಎರಡು ಸತ್ತಿದ್ದವು. ಒಂದು, ಭೇದಿಯ ಸಣ್ಣ ಮರಿ. ಇನ್ನೊಂದು, ಚೆನ್ನಾಗಿದ್ದ ದಪ್ಪ ಮರಿ. ತಾಯಿ ಮಗ್ಗುಲು ಬದಲಿಸುವಾಗ ಅದರ ಮೇಲೇ ಮಲಗಿಬಿಟ್ಟಿತ್ತು. ಹಂದಿಗಳಲ್ಲಿ ಅದು ಮಾಮೂಲು. ಡಾಕ್ಟರಮ್ಮ ಸ್ಕೂಟರಿನಲ್ಲಿ ಬಂದು, ಉಳಿದವಕ್ಕೆ ಔಷಧಿ ಹಾಕಿ, ಸತ್ತವುಗಳನ್ನು ಕೊಯ್ದು ನೋಡುತ್ತೇನೆ ಎಂದರು. ಆಗ ನನಗೆ ಜೀವನದಲ್ಲಿ ಬರುವ ಒಂದೆರಡು ಉಪಾಯಗಳಲ್ಲಿ ಒಂದು ಬಂತು. ಮನೆಯ ಹಿತ್ತಲ ಬಾಗಿಲಿಗೆ ಹೋಗಿ ಕೂಗಿದೆ.

"ಅಕ್ಕಾ, ನೀನು ತೇದು ಕುಡ್ಸಿದ್ದು ಸತ್ತೋಯ್ತು. ಡಾಕ್ಟ್ರಮ್ಮ ಹೊಟ್ಟೆ ಕುಯ್ದು ಯಾಕೆ ಸತ್ತಿತು ಅಂತ ನೋಡ್ತಾರಂತೆ."

ಅಕ್ಕ ಒಲೆಯ ಮೇಲಿದ್ದದ್ದನ್ನು ಹಾಗೇ ಬಿಟ್ಟು ಬಂದಳು. ಕಾಲಿಗೆ ಚಪ್ಪಲಿಯೂ ಇರಲಿಲ್ಲ.

"ಏನಮ್ಮಾ, ನನ್ನ ಬಜೇಲಿ ಸತ್ತಿತು ಅಂತೀಯಾ? ಈ ಊರಲ್ಲಿ ಕೇಳು, ಯಾವ ಮಗೀಗೆ ನಾನು..."

"ಕೂತ್ಕೊಳಿ ಅಜ್ಜಿ" ಎಂದರು ಡಾಕ್ಟರಮ್ಮ. "ನಿಮ್ಮ ಬಜೆಯಿಂದ ಸತ್ತಿಲ್ಲ. ಆದ್ರೆ ಇನ್ನು ಉಳಿದವಕ್ಕೆ ಕೊಡ್ಬೇಡಿ. ಇದು ಹುಟ್ಟೋಕೆ ಮುಂಚೇನೇ ಆಗಿದ್ದು."

ಅಕ್ಕನಿಗೆ ಮೊದಲ ಮಾತು ಸಾಕಾಗಿತ್ತು. ನನ್ನ ಕಡೆ ತಿರುಗಿ, "ಕೇಳ್ದಾ?" ಎಂದಳು. ಆಮೇಲೆ ಕೊನೆಯ ಮಾತು ಕಿವಿಗೆ ಬಿತ್ತು. "ಹುಟ್ಟಾಕ್ ಮುಂಚೆ ಏನಾಯ್ತದೆ?" ಎಂದಳು.

ಡಾಕ್ಟರಮ್ಮ ಪ್ಲಾಸ್ಟಿಕ್ ಹಾಳೆಯ ಮೇಲೆ ಎರಡೂ ಮರಿಗಳ ಕರುಳನ್ನು ಪಕ್ಕಪಕ್ಕದಲ್ಲಿ ಬಿಡಿಸಿ ಹಾಕಿದರು. ದಪ್ಪ ಮರಿಯದು ಉದ್ದ, ಗಟ್ಟಿ, ಹಿಡಿದರೆ ಕೈಗೆ ಸಿಗುತ್ತಿತ್ತು. ಸಣ್ಣದರದು ಗಿಡ್ಡ. ಎತ್ತಿ ಹಿಡಿದಾಗ ಬಿಸಿಲು ಆಚೆಯಿಂದ ಈಚೆಗೆ ಬಂತು. ಒಳಗಿದ್ದ ನೀರು ಕಾಣಿಸಿತು. ಬೆರಳಿಟ್ಟರೆ ನೆಂದ ಕಾಗದದ ಹಾಗೆ ಹರಿಯಿತು.

"ಕರುಳಿನ ಒಳಗಡೆ ಟರ್ಕಿ ಟವಲ್ ಥರ ಜುಂಗು ಇರುತ್ತೆ ಅಜ್ಜಿ, ಕಣ್ಣಿಗೆ ಕಾಣಲ್ಲ. ಕುಡಿದ ಹಾಲನ್ನ ಹೀರ್ಕೊಳ್ಳೋದು ಅದೇ. ಇದರಲ್ಲಿ ಆ ಜುಂಗು ಬೆಳೆದೇ ಇಲ್ಲ, ಸವೆದ ಟವಲ್ ಥರ. ಹಾಲು ಹಿಡಿಯಲ್ಲ, ಸೋರಿ ಹೋಗುತ್ತೆ. ಗೋಡೆ ತೆಳು, ಹೊರಗಿನ ಕ್ರಿಮಿ ಸುಲಭವಾಗಿ ಒಳಗೆ ನುಗ್ಗುತ್ತೆ."

"ಯಾಕೆ ಬೆಳೀಲಿಲ್ಲ?"

"ಗರ್ಭದಲ್ಲಿ ಊಟ ಸಾಲದೆ ಹೋದ್ರೆ, ಬಂದಷ್ಟು ರಕ್ತ ಮೊದಲು ತಲೆಗೆ ಹೋಗುತ್ತೆ. ಆಮೇಲೆ ಹೃದಯಕ್ಕೆ. ಕರುಳಿಗೆ ಉಳಿದದ್ದು. ಅದಕ್ಕೇ ನೋಡಿ, ತಲೆ ದೊಡ್ಡದು, ಮೈ ಇಷ್ಟೇ."

ನಾನು ಊರಲ್ಲಿ ಎಷ್ಟೋ ಹಿಸ್ಸೆ ಪಂಚಾಯ್ತಿಗಳಲ್ಲಿ ಕೂತಿದ್ದೇನೆ. ಯಜಮಾನಿಕೆ ಮಾಡುವವನು ನೀರಾವರಿ ತೋಟ ತೆಗೆದುಕೊಳ್ಳುತ್ತಾನೆ, ಅವನ ಮಗ್ಗುಲಲ್ಲಿ ಕೂತವನು ಮನೆ. ಬಾಗಿಲಲ್ಲಿ ನಿಂತವನಿಗೆ ಗುಡ್ಡದ ಬುಡದ ಕಲ್ಲು ಹೊಲ. ಅವನು ದೂರು ಹೇಳುವುದೂ ಇಲ್ಲ, ಹೇಳಿದರೆ ಕೇಳುವವರೂ ಇಲ್ಲ. ಮರಿಯ ಮೈಯೊಳಗೂ ಇದೇ ನಡೆಯುತ್ತದೆಂದು ನನಗೆ ಗೊತ್ತಿರಲಿಲ್ಲ.

"ಏನು ಹಾಕ್ತಾ ಇದ್ರಿ ಹಂದಿಗೆ, ಕೊನೇ ತಿಂಗಳು?" ಎಂದು ಡಾಕ್ಟರಮ್ಮ ಕೇಳಿದರು.

ನಾನು ಬಕೆಟ್ಟು ನೋಡಿದೆ. ಅಕ್ಕ ನನ್ನನ್ನು ನೋಡಿದಳು. ಆಮೇಲೆ ಅವಳೇ ಹೇಳಿದಳು.

"ಅರ್ಧ ಹಾಕಿದ್ದೆ. ನಾನೇ. ಸಲೀಸಾಗಿ ಈಯ್ಲಿ ಅಂತ."

ಡಾಕ್ಟರಮ್ಮ ಬೈಯಲಿಲ್ಲ. ಮರಿಗಳು ಜಾಸ್ತಿಯಾಗಿ ಒಳಗೆ ಜಾಗ ಸಾಲದೆ ಕೂಡ ಹೀಗಾಗುತ್ತದೆ, ಮೇವೊಂದೇ ಕಾರಣ ಎಂದು ಹೇಳಲಾಗುವುದಿಲ್ಲ, ಆದರೆ ಕೊನೆಯ ತಿಂಗಳಲ್ಲೇ ಮರಿ ಹೆಚ್ಚು ಬೆಳೆಯುವುದು, ಆಗಲೇ ಕಡಿಮೆ ಮಾಡಬಾರದು ಎಂದರು. ಅಕ್ಕ ಸಣ್ಣ ಮರಿಯ ತಲೆಯನ್ನೇ ನೋಡುತ್ತಿದ್ದಳು. ಸೆರಗಿನ ತುದಿಯಿಂದ ಅದರ ಹಣೆ ಒರೆಸಿದಳು.

"ನನ್ನ ಎರಡ್ನೇದು ಹಿಂಗೇ ಇತ್ತು" ಎಂದಳು. "ಮೈ ಇಲ್ಲ, ತಲೆ ಮಾತ್ರ. ಎಲ್ಲಾ ಬಂದು ನೋಡಿ, ದೊಡ್ಡ ತಲೆ ಕಣೇ, ಅಮಲ್ದಾರ ಆಯ್ತಾನೆ ಅಂತಿದ್ರು. ಭೇದೀಲಿ ಹೋಯ್ತು."

ಆ ಮಗುವಿನ ವಿಷಯ ನಾನು ಕೇಳಿಯೇ ಇರಲಿಲ್ಲ. ಆಗ ನಾನು ಗೋಲಿ ಆಡುವ ವಯಸ್ಸಿನವನು. ಡಾಕ್ಟರಮ್ಮ ಕೈಗವಸು ಕಳಚತೊಡಗಿದರು.

"ಮನುಷ್ಯರ್ಗೂ ಹಿಂಗೇನಾ?" ಎಂದು ಅಕ್ಕ ಕೇಳಿದಳು.

"ನಾನು ದನದ ಡಾಕ್ಟ್ರು ಅಜ್ಜಿ. ಅದನ್ನ ಮನುಷ್ಯರ ಡಾಕ್ಟ್ರನ್ನ ಕೇಳ್ಬೇಕು."

"ಅವ್ರನ್ನ ಕೇಳಿದ್ರೆ ತಿನ್ಸಿ ಅಂತಾರೆ" ಎಂದು ಹೇಳಿ ಅಕ್ಕ ಎದ್ದು ಮನೆಗೆ ಹೋದಳು.

ಆ ದಿನ ಊಟಕ್ಕೆ ಕೂತಾಗ ಮಗಳ ತಟ್ಟೆಯಲ್ಲಿ ಇಡೀ ಮುದ್ದೆ ಇತ್ತು. ಅದರ ಪಕ್ಕದಲ್ಲಿ ಇನ್ನೊಂದು ಮುದ್ದೆ. ಗಟ್ಟಿ ಹುರುಳಿ ಸಾರು, ಮೊಟ್ಟೆ, ಒಂದು ಲೋಟ ಹಾಲು. ಮಗಳು ತಟ್ಟೆಯನ್ನು ನೋಡಿ, ಅಪ್ಪನ ತಟ್ಟೆ ತನ್ನ ಮುಂದೆ ಬಂದಿದೆ ಎಂದುಕೊಂಡು ನನ್ನ ಕಡೆ ತಳ್ಳಿದಳು.

"ಅದು ನಿಂದೇ ಕಣೇ" ಎಂದಳು ಅಕ್ಕ.

"ಅತ್ತೆ, ಮಗು ದಪ್ಪ ಆಗ್ಬಿಟ್ರೆ?"

"ಆಗ್ಲಿ."

"ನೀವೇ ಹೇಳಿದ್ರಿ..."

"ನಾನ್ ಹೇಳಿದ್ದು ನಂಗೇ ಹೇಳ್ತೀಯಾ? ತಿನ್ನೇ."

ಮಗಳು ಅತ್ತುಕೊಂಡೇ ತಿಂದಳು. ಯಾಕೆ ಅಳುತ್ತಿದ್ದೀಯ ಎಂದು ನಾನು ಕೇಳಲಿಲ್ಲ. ಎರಡನೇ ಮುದ್ದೆಯನ್ನು ಮುಗಿಸಿದ ವೇಗ ನೋಡಿದರೆ ಕೇಳುವ ಅಗತ್ಯ ಕಾಣಲಿಲ್ಲ. ನನ್ನ ಹೆಂಡತಿ ಸಾರು ಬಡಿಸುವ ನೆಪದಲ್ಲಿ ನನ್ನ ಮೊಣಕೈಗೆ ತಿವಿದಳು. ಆ ಮನೆಯಲ್ಲಿ ಅವತ್ತು ಹಬ್ಬ. ಯಾರೂ ಬಾಯಿಬಿಟ್ಟು ಹಬ್ಬ ಎನ್ನಲಿಲ್ಲ ಅಷ್ಟೆ.

ಮುಂದಿನ ಸಲ ತರೀಕೆರೆಗೆ ಅಕ್ಕನೂ ಹೊರಟಳು. ಅವಳು ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಸ್ಕ್ಯಾನಿಂಗ್ ಕೋಣೆಯೊಳಗೆ ಒಬ್ಬರಿಗೆ ಮಾತ್ರ ಪ್ರವೇಶ ಎಂದರೆ, ಆ ಒಬ್ಬರು ತಾನೇ ಎಂದು ಹೋಗಿ ನಿಂತಳಂತೆ. ಟೀವಿಯೊಳಗೆ ಮಗುವನ್ನು ತೋರಿಸಿದಾಗ, "ತಲೆ ಬಿಡಿ, ಕರುಳು ಕಾಣ್ತದಾ?" ಎಂದು ಕೇಳಿದಳಂತೆ. ಸ್ಕ್ಯಾನ್ ಮಾಡುವ ಡಾಕ್ಟರು ತಿರುಗಿ ನೋಡಿ, ಕರುಳು ಹಾಗೆ ಕಾಣುವುದಿಲ್ಲ, ಹೊಟ್ಟೆಯ ಸುತ್ತಳತೆ ಅಳೆಯುತ್ತೇವೆ, ಮಗು ಸೊರಗಿದೆಯೋ ಇಲ್ಲವೋ ಅದರಲ್ಲೇ ಗೊತ್ತಾಗುತ್ತದೆ ಎಂದರಂತೆ. ಹೋದ ಸಲಕ್ಕಿಂತ ಬೆಳೆದಿದೆ ಎಂದೂ ಹೇಳಿದರು. ಬಸ್ಸಿನಲ್ಲಿ ಬರುವಾಗ ಅಕ್ಕ ನನಗೆ ಇದನ್ನೆಲ್ಲ ವಿವರಿಸಿದಳು, ಮಗಳು ಆಗಲೇ ಹೇಳಿದ್ದರೂ ನಾನು ಗೊತ್ತಿಲ್ಲದವನ ಹಾಗೆ ಕೇಳಿದೆ. ಕಂಡಕ್ಟರು ಅವನೇ. ನನ್ನನ್ನು ನೋಡಿ, "ಇನ್ನೂ ಆಗಿಲ್ವಾ ಅಜ್ಜಾ?" ಎಂದ.

ಶೆಡ್ಡಿನಲ್ಲಿ ಉಳಿದ ಸಣ್ಣ ಮರಿಗಳಲ್ಲಿ ಇನ್ನೂ ಒಂದು ಹೋಯಿತು. ಉಳಿದವು ನಿಂತವು. ಬದುಕಿದರೂ ಇವುಗಳ ಹೊಟ್ಟೆ ಸೂಕ್ಷ್ಮ, ತಾಯಿ ಹಾಲು ಬಿಡಿಸುವಾಗ ಸಾವಕಾಶವಾಗಿ ಬಿಡಿಸಿ, ಒಮ್ಮೆಲೇ ಹೆಚ್ಚು ತಿನ್ನಲು ಬಿಡಬೇಡಿ ಎಂದು ಡಾಕ್ಟರಮ್ಮ ಹೇಳಿದ್ದರು. ಅಕ್ಕ ಅವನ್ನು ಬೇರೆ ಅಂಕಣಕ್ಕೆ ಹಾಕಿಸಿ, ದಿನಕ್ಕೆ ಎಷ್ಟೋ ಸಲ ಹಿಡಿ ಹಿಡಿಯಾಗಿ ಇಟ್ಟು ಬರುತ್ತಿದ್ದಳು. ಹೋಗಿ ಬಂದಾಗಲೆಲ್ಲ ಸೋಪು ಹಾಕಿ ಕೈ ತೊಳೆಯುತ್ತಿದ್ದಳು. ಸೋಪು ಈಗ ದಂಡವಲ್ಲ.

ಮಗಳಿಗೆ ನೋವು ಕಾಣಿಸಿಕೊಂಡದ್ದು ಬೆಳಿಗ್ಗೆ, ತಿಂಡಿಯ ಹೊತ್ತಿಗೆ. ಆಟೋದಲ್ಲಿ ತರೀಕೆರೆಗೆ ಹೋದೆವು. ಅಳಿಯ ಕಡೂರಿನಿಂದ ಬಸ್ಸು ಹತ್ತಿದ. ಒಳಗೆ ಹೋದವಳು ಮಧ್ಯಾಹ್ನವಾದರೂ ಹೊರಗೆ ಬರಲಿಲ್ಲ. ಮೊದಲನೇ ಹೆರಿಗೆ, ತಡವಾಗುತ್ತದೆ ಎಂದು ನರ್ಸು ಹೇಳಿ ಹೋದರು. ನನ್ನ ಹೆಂಡತಿ ದೇವರ ಹೆಸರು ಹೇಳುತ್ತಿದ್ದಳು. ಅಕ್ಕ ಬೆಂಚಿನ ತುದಿಯಲ್ಲಿ ಕೂತು ಬಾಗಿಲನ್ನೇ ನೋಡುತ್ತಿದ್ದಳು. ಊರೆಲ್ಲ ಹೆರಿಗೆ ಮಾಡಿಸಿದವಳು ಬಾಗಿಲ ಈಚೆ ಕೂತದ್ದು ನಾನು ನೋಡಿರಲಿಲ್ಲ.

"ಮಗು ದಪ್ಪ ಆಗಿದ್ರೆ ಏನೋ ಮಾಡೋದು?" ಎಂದಳು. ಸ್ವರ ಇಷ್ಟೇ ಇತ್ತು.

"ಡಾಕ್ಟ್ರು ನೋಡ್ಕೋತಾರೆ ಬಿಡಕ್ಕಾ."

"ನಾನೇ ತಿನ್ಸಿದ್ದು ಕಣೋ. ಎರಡೆರಡು ಮುದ್ದೆ. ಮೊಟ್ಟೆ ಬೇರೆ. ಅವ್ಳು ಸಾಕು ಅಂದ್ರೂ ಬಿಡ್ಲಿಲ್ಲ. ಏನಾದ್ರೂ ಆದ್ರೆ ನಾನೇ ಮಾಡ್ದಂಗಾಯ್ತು."

ಅರ್ಧ ಹಾಕಿದಾಗ ಇಲ್ಲದ ಭಯ ಪೂರ್ತಿ ಹಾಕಿದ ಮೇಲೆ ಬಂದಿತ್ತು. ಅದು ನನಗೂ ಅಂಟಿತು. ಉಪಾಯ ಮಾಡಿ ಅವಳನ್ನು ಶೆಡ್ಡಿಗೆ ಕರೆದವನು ನಾನಲ್ಲವೇ? ಆ ಬಾಗಿಲಾಚೆ ನನ್ನ ಮಗಳು ಕೂಗಿದಾಗಲೆಲ್ಲ ನನಗೆ ಆ ಮುದ್ದೆಗಳೇ ಕಣ್ಣಿಗೆ ಕಟ್ಟಿದವು. ಕಾಫಿ ತರುತ್ತೇನೆ ಎಂದು ಎದ್ದೆ. ಎಲ್ಲಿಗೂ ಹೋಗದೆ ಮತ್ತೆ ಕೂತೆ. ಅಕ್ಕ ನನ್ನ ಕೈ ಹಿಡಿದುಕೊಂಡಳು. ಚಿಕ್ಕವನಾಗಿದ್ದಾಗ ಹಳ್ಳ ದಾಟಿಸುತ್ತಿದ್ದ ಹಾಗೆ, ಮಣಿಕಟ್ಟು ನೋಯುವಷ್ಟು ಗಟ್ಟಿಯಾಗಿ.

ಆಮೇಲೆ ಒಂದು ಅಳು 'ಕ್ಯಾರ್' ಎಂದಿತು. ನನ್ನ ಮಗಳದಲ್ಲ.

ನರ್ಸು ಬಂದು ಹೆಣ್ಣು ಮಗು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ, ಮಾಮೂಲು ಹೆರಿಗೆಯೇ ಆಯಿತು, ಮಗುವಿನ ತೂಕವೂ ಸರಿಯಾಗಿದೆ ಎಂದರು. ಅಷ್ಟರಲ್ಲಿ ಬಂದು ತಲುಪಿದ್ದ ಅಳಿಯ, "ತಕ್ಕಡಿ ಸರಿಯಾಗಿದ್ಯಾ ಸಿಸ್ಟರ್?" ಎಂದು ಕೇಳಿದ. ಮಂಡಿಯಲ್ಲಿ ಕೆಲಸ ಮಾಡುವವನಿಗೆ ತಕ್ಕಡಿಯ ಮೇಲೆ ನಂಬಿಕೆ ಇರುವುದಿಲ್ಲ. ನರ್ಸು ಅವನಿಗೆ ಉತ್ತರ ಕೊಡಲಿಲ್ಲ.

ಮಗುವನ್ನು ಮೊದಲು ಅಕ್ಕನ ಕೈಗೆ ಕೊಟ್ಟರು. ಅವಳು ಮುಖ ನೋಡಲಿಲ್ಲ, ಬಣ್ಣ ನೋಡಲಿಲ್ಲ. ಬಟ್ಟೆ ಸರಿಸಿ ಹೊಟ್ಟೆಯ ಮೇಲೆ ಅಂಗೈ ಇಟ್ಟಳು. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದು, "ತುಂಬಿದ ಹೊಟ್ಟೆ ಕಣೋ" ಎಂದು ನನ್ನ ಕೈಗೆ ಕೊಟ್ಟಳು. ನಾನು ಏನು ಮಾಡಿದೆ ಎಂದು ನನಗೆ ಸರಿಯಾಗಿ ನೆನಪಿಲ್ಲ. ಆಸ್ಪತ್ರೆಯ ವಾಚ್‌ಮನ್ ಬಂದು, ಇಲ್ಲಿ ಜೋರಾಗಿ ನಗಬಾರದು ಎಂದು ಹೇಳಿದ್ದು ನೆನಪಿದೆ.

ಮನೆಗೆ ಕರೆತಂದ ಮೇಲೆ ನನಗೆ ಒಂದೇ ಚಿಂತೆ. ಹೊರಗಿನಿಂದ ಹೊಟ್ಟೆ ತುಂಬಿದ ಹಾಗೆ ಕಾಣಬಹುದು, ಒಳಗಿನ ಟವಲ್ಲು ಹೇಗಿದೆಯೋ ಯಾರಿಗೆ ಗೊತ್ತು? ಅದು ಗೊತ್ತಾಗುವುದು ಒಂದೇ ಕಡೆಯಿಂದ. ಮೊದಲೆರಡು ದಿನದ ಕಪ್ಪು ಕಕ್ಕ ಕಳೆದು, ಆಮೇಲೆ ಒಂದು ಬೆಳಿಗ್ಗೆ ಮಗಳು ಬಟ್ಟೆ ಬದಲಿಸುತ್ತಿದ್ದಾಗ ನಾನು ಹತ್ತಿರ ಹೋಗಿ ನೋಡಿದೆ. ಹಳದಿ. ಅರೆದ ಸಾಸಿವೆಯ ಹಾಗೆ. ನೀರಲ್ಲ, ಮಂದಗಿತ್ತು. ಇಷ್ಟು ವರ್ಷದ ಬದುಕಿನಲ್ಲಿ ಅಷ್ಟು ಚೆನ್ನಾಗಿರುವ ಬಣ್ಣ ನಾನು ನೋಡಿಲ್ಲ.

"ಅಕ್ಕಾ!" ಎಂದು ಕೂಗಿದೆ. ಅಕ್ಕ ಬಂದು ಬಗ್ಗಿ ನೋಡಿದಳು, ಮೂಸಿ ನೋಡಿದಳು.

"ಹೆಂಗೈತೆ?" ಎಂದೆ.

"ಹಿಡ್ಕೊಂಡೈತೆ" ಎಂದಳು. "ಕುಡ್ದಿದ್ದು ಹಿಡ್ಕೊಂಡೈತೆ ಕಣೋ."

"ಅಪ್ಪಾ, ಅತ್ತೆ, ಇಬ್ರೂ ಆಚೆ ಹೋಗಿ" ಎಂದಳು ಮಗಳು. "ಸ್ವಲ್ಪನಾದ್ರೂ ಮಾನ ಬೇಡ್ವಾ?"

ನಮಗೆ ಬೇಡವಾಗಿತ್ತು. ಆ ಬಟ್ಟೆ ನಾನೇ ಒಗೆಯುತ್ತೇನೆ ಎಂದು ಕಿತ್ತುಕೊಂಡು ಬೀದಿಯ ನಲ್ಲಿಗೆ ಹೊರಟೆ. ಹಿತ್ತಲಲ್ಲೇ ನೀರಿತ್ತು, ಆದರೂ ಬೀದಿಗೇ ಹೋದೆ. ಪಕ್ಕದ ಮನೆಯವನು ನಲ್ಲಿಯ ಹತ್ತಿರ ಹಲ್ಲು ಉಜ್ಜುತ್ತಿದ್ದ.

"ಏನಪ್ಪಾ ಅಜ್ಜ, ಬೆಳ್‌ಬೆಳಿಗ್ಗೆ ಬಟ್ಟೆ ಹಿಡ್ಕೊಂಡು? ಏನು ವಿಶೇಷ?" ಎಂದ.

ಬಟ್ಟೆ ಬಿಚ್ಚಿ ತೋರಿಸಿದೆ.

ಅವನು ಬಾಯಲ್ಲಿದ್ದ ಬ್ರಷ್ಷು ತೆಗೆದು ನೋಡಿದ. ನನ್ನ ಮುಖವನ್ನೂ ನೋಡಿದ. ನಾನು ಬಟ್ಟೆ ಮಡಿಸಲಿಲ್ಲ, ಕಾದೆ.

"ಚೆನ್ನಾಗೈತೆ" ಎಂದ.